ಪ್ರತಿ ಸ್ಕ್ಯಾನಿಗೂ ಸಾಧನಗಳ ಲೆಕ್ಕ ಬೇರೆ ಬರುತ್ತಿದೆ, ಯಾವುದನ್ನು ನಂಬಲಿ?

ಸ್ವಿಚ್‌ರೂಮ್: ನಮಸ್ಕಾರ. ಆಫೀಸಿನ ಕಂಪ್ಯೂಟರ್, ಪ್ರಿಂಟರ್, ಸಾಫ್ಟ್‌ವೇರ್ ಎಲ್ಲದರ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿದ್ದಿದೆ. ನೆಟ್‌ವರ್ಕಿನಲ್ಲಿರುವ ಸಾಧನಗಳನ್ನು ಹುಡುಕುವ ಎನ್‌ಮ್ಯಾಪ್ ಎಂಬ ಸಾಫ್ಟ್‌ವೇರಿನಲ್ಲಿ ಸ್ಕ್ಯಾನ್ ಮಾಡಿ, ಮ್ಯಾಕ್ ಅಡ್ರೆಸ್ (ನೆಟ್‌ವರ್ಕಿನಲ್ಲಿ ಕಾಣುವ ಗುರುತು ಸಂಖ್ಯೆ) ಹಿಡಿದು ಶೀಟ್‌ಗೆ ಹಾಕುತ್ತಿದ್ದೇನೆ. ಬೆಳಿಗ್ಗೆ 180 ಬಂದರೆ ಸಂಜೆ 230. ಖರೀದಿ ರಿಜಿಸ್ಟರ್‌ನಲ್ಲಿರುವುದೋ 150. ಸಾಲದ್ದಕ್ಕೆ ಎರಡು ಲ್ಯಾಪ್‌ಟಾಪ್‌ಗಳು ಒಂದೇ ಸಾಲಿನಲ್ಲಿ ಬೆರೆತುಹೋಗಿವೆ.

ಹಳೇರೂಟರ್: ಸಿಬ್ಬಂದಿಯ ಮೊಬೈಲ್‌ಗಳೂ ಇದೇ ನೆಟ್‌ವರ್ಕಿನಲ್ಲಿವೆಯೇ? ಯುಎಸ್‌ಬಿ ಲ್ಯಾನ್ ಅಡಾಪ್ಟರ್ ಬಳಸುತ್ತೀರಾ?

ಸ್ವಿಚ್‌ರೂಮ್: ಎರಡೂ ಹೌದು ಸರ್. ಅಡಾಪ್ಟರ್ ಯಾರ ಕೈಗೆ ಸಿಕ್ಕರೆ ಅವರದು.

ಹಳೇರೂಟರ್: ಹಾಗಾದರೆ ಸ್ಕ್ಯಾನ್ ಸರಿಯಾಗಿಯೇ ಇದೆ, ನೀವು ಹಿಡಿದಿರುವ ಗುರುತು ಸರಿಯಿಲ್ಲ. ಮ್ಯಾಕ್ ಅಡ್ರೆಸ್ ನೆಟ್‌ವರ್ಕ್ ಕಾರ್ಡಿನದು, ಕಂಪ್ಯೂಟರಿನದಲ್ಲ. ಒಂದೇ ಲ್ಯಾಪ್‌ಟಾಪ್‌ಗೆ ವೈಫೈಯದೊಂದು, ಲ್ಯಾನ್‌ನದೊಂದು ಇರುತ್ತದೆ. ಅಡಾಪ್ಟರ್ ಕೈ ಬದಲಾದರೆ ಎರಡು ಲ್ಯಾಪ್‌ಟಾಪ್ ಒಂದೇ ಆಗಿ ಕಾಣುತ್ತವೆ.

ಫೋನುಗಳದ್ದು ಇನ್ನೊಂದು ಕಥೆ. ಆಂಡ್ರಾಯ್ಡ್ 10, ಐಓಎಸ್ 14 ಬಂದ ಮೇಲೆ ಅವು ಒಂದೊಂದು ವೈಫೈಗೆ ಒಂದೊಂದು ಸುಳ್ಳು ಮ್ಯಾಕ್ ತೋರಿಸುತ್ತವೆ. ಮ್ಯಾಕ್‌ನ ಎರಡನೇ ಅಕ್ಷರ 2, 6, ಎ, ಇ ಇವುಗಳಲ್ಲಿ ಒಂದಾಗಿದ್ದರೆ ಅದು ತಯಾರಕರು ಕೊಟ್ಟದ್ದಲ್ಲ. ಅಂಥವನ್ನು ಬೇರೆ ಶೀಟ್‌ಗೆ ಎತ್ತಿಡಿ. ಆದರೆ ಅಳಿಸಬೇಡಿ, ಕೆವಿಎಂ ವರ್ಚುವಲ್ ಮೆಷಿನ್‌ಗಳ (ಒಂದು ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದಲೇ ನಡೆಯುವ ಕಂಪ್ಯೂಟರುಗಳ) ಮ್ಯಾಕ್ ಕೂಡ ಸಾಮಾನ್ಯವಾಗಿ 52:54:00 ಎಂದೇ ಶುರುವಾಗುತ್ತದೆ.

ಸಾಲಿನ ಗುರುತಿಗೆ ಬಯಾಸ್‌ನಲ್ಲಿರುವ (ಮದರ್‌ಬೋರ್ಡಿನ ಮೂಲ ಸಾಫ್ಟ್‌ವೇರ್) ಸೀರಿಯಲ್ ನಂಬರ್ ತೆಗೆದುಕೊಳ್ಳಿ. ಅಸೆಂಬಲ್ ಮಾಡಿಸಿದ ಯಂತ್ರಗಳಲ್ಲಿ ಆ ಜಾಗದಲ್ಲಿ ಹೆಚ್ಚಾಗಿ ‘ಟು ಬಿ ಫಿಲ್ಡ್ ಬೈ ಓಇಎಂ’ (ತಯಾರಕರು ತುಂಬಬೇಕು) ಎಂದಷ್ಟೇ ಇರುತ್ತದೆ. ಅದನ್ನೇ ನಂಬರ್ ಎಂದುಕೊಂಡರೆ ಅಷ್ಟೂ ಯಂತ್ರ ಒಂದೇ ಸಾಲಿಗೆ ಬಂದು ಕೂರುತ್ತವೆ. ಅವಕ್ಕೆ ನಿಮ್ಮದೇ ನಂಬರಿನ ಸ್ಟಿಕ್ಕರ್ ಅಂಟಿಸಿ.

ಪ್ಯಾಚ್‌ಮಂಗಳವಾರ: ಸಾಫ್ಟ್‌ವೇರ್ ಪಟ್ಟಿಗೆ ವಿಂಡೋಸ್‌ನ ವಿನ್32_ಪ್ರಾಡಕ್ಟ್ ಕ್ವೆರಿ ಓಡಿಸಬೇಡಿ, ಇಂಟರ್‌ನೆಟ್ ತುಂಬ ಅದೇ ಸಲಹೆ ಇದ್ದರೂ. ಅದು ಎಂಎಸ್‌ಐ (ವಿಂಡೋಸ್‌ನದೇ ಇನ್‌ಸ್ಟಾಲರ್) ಮೂಲಕ ಹಾಕಿದ್ದನ್ನು ಮಾತ್ರ ತೋರಿಸುತ್ತದೆ, ತೋರಿಸುವ ಮೊದಲು ಒಂದೊಂದನ್ನೂ ತಪಾಸಣೆ ಮಾಡುತ್ತದೆ, ಕೆಲವೊಮ್ಮೆ ರಿಪೇರಿಗೂ ಇಳಿಯುತ್ತದೆ. ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಡುವ ರಿಜಿಸ್ಟ್ರಿಯಲ್ಲಿ ಅನ್‌ಇನ್‌ಸ್ಟಾಲ್ ಕೀಗಳನ್ನು ಓದಿ. 32 ಬಿಟ್ ಸಾಫ್ಟ್‌ವೇರಿನದು ಬೇರೆ ಕಡೆ ಇರುತ್ತದೆ, ಬಳಕೆದಾರರು ತಮಗಷ್ಟೇ ಹಾಕಿಕೊಂಡದ್ದು ಇನ್ನೊಂದು ಕಡೆ. ಬ್ರೌಸರ್ ಎಕ್ಸ್‌ಟೆನ್ಷನ್‌ಗಳು ಇಲ್ಲೆಲ್ಲೂ ಸಿಗುವುದಿಲ್ಲ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಭದ್ರತಾ ದೋಷ ಹೊರಬಿದ್ದಾಗ ಜನ ಪರದಾಡಿದ್ದೂ ಇಂಥದ್ದಕ್ಕೇ: ಆ ಲೈಬ್ರರಿ ಬೇರೆ ಅಪ್ಲಿಕೇಶನ್‌ಗಳ ಹೊಟ್ಟೆಯೊಳಗಿತ್ತು, ಇನ್‌ಸ್ಟಾಲ್ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ.

ಸ್ವಿಚ್‌ರೂಮ್: ಫೋನುಗಳನ್ನು ಬೇರ್ಪಡಿಸಿ ಸೀರಿಯಲ್ ಹಿಡಿದ ಮೇಲೆ 158ಕ್ಕೆ ಇಳಿದಿದೆ. ರಿಜಿಸ್ಟರ್‌ನಲ್ಲಿಲ್ಲದ ಎಂಟು ಯಾರವೆಂದು ಯಾರಿಗೂ ಗೊತ್ತಿಲ್ಲ. ಕಿತ್ತುಹಾಕಲೇ?

ಹಳೇರೂಟರ್: ತಡೆಯಿರಿ. ಕೇಬಲ್‌ಗಳೆಲ್ಲ ಬಂದು ಸೇರುವ ಸ್ವಿಚ್‌ನ ಮ್ಯಾಕ್ ಟೇಬಲ್ ನೋಡಿದರೆ ಯಾವ ಪೋರ್ಟ್ ಎಂದು ಗೊತ್ತಾಗುತ್ತದೆ, ಆಮೇಲೆ ಕೇಬಲ್ ಹಿಡಿದು ನಡೆಯಬೇಕು, ಬೇರೆ ದಾರಿಯಿಲ್ಲ. ಬಾಗಿಲಿನ ಕಾರ್ಡ್ ರೀಡರ್, ಯುಪಿಎಸ್ ಇಂಥವೇ ಹೆಚ್ಚಾಗಿ ಸಿಗುತ್ತವೆ. ಹೋಗಿ ನೋಡಿದ ಮೇಲೂ ವಾರಸುದಾರರು ಸಿಗದಿದ್ದರೆ ಪ್ರತ್ಯೇಕ ವಿಲ್ಯಾನ್‌ಗೆ (ಅದೇ ಸ್ವಿಚ್‌ಗಳಲ್ಲಿ ಬೇರ್ಪಡಿಸಿದ ನೆಟ್‌ವರ್ಕ್) ತಳ್ಳಿ. ಸಿಐಎಸ್ ಕಂಟ್ರೋಲ್ಸ್ ಎಂಬ ಭದ್ರತಾ ಮಾರ್ಗಸೂಚಿಯ 8ನೇ ಆವೃತ್ತಿ ಅಪರಿಚಿತ ಸಾಧನಗಳನ್ನು ವಾರಕ್ಕೊಮ್ಮೆ ಇತ್ಯರ್ಥ ಮಾಡಿ ಎನ್ನುತ್ತದೆ. ಶೀಟ್‌ನಲ್ಲಿ ‘ಜವಾಬ್ದಾರರು’ ಎಂಬ ಕಾಲಂ ಈಗಲೇ ಸೇರಿಸಿ, ಖಾಲಿ ಬಿಡಲು ಬರದಂತೆ.

ಸ್ವಿಚ್‌ರೂಮ್: ಒಂದು ಸಿಕ್ಕಿತು ಸರ್. ಫಾಲ್ಸ್ ಸೀಲಿಂಗ್ ಮೇಲೆ ಹಳೇ ವೈಫೈ ಆಕ್ಸೆಸ್ ಪಾಯಿಂಟ್, ಪಾಸ್‌ವರ್ಡ್ ಇನ್ನೂ ಕಂಪನಿಯಿಂದ ಬಂದಾಗಿನದೇ. ಉಳಿದ ಏಳಕ್ಕೆ ಏಣಿ ತರಿಸುತ್ತಿದ್ದೇನೆ.