ಈಜಿನ ಬಗ್ಗೆ ಬರೆಯಲು ಮಗಳಿಗೆ ಯಾವ ಗುಣವಾಚಕಗಳನ್ನು ಹೇಳಿಕೊಡಲಿ?

ಪ್ರಶ್ನೆ ಕೇಳಿದ ತಾಯಿ:
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ವಾರಾಂತ್ಯದ ಕನ್ನಡ ತರಗತಿಗೆ ‘ನಾನು ಈಜಿದ ದಿನ’ ಎಂದು ಒಂದು ಪುಟ ಬರೆದುಕೊಂಡು ಹೋಗಬೇಕಾಗಿದೆ. ನೀರಿನ ವಿಷಯವನ್ನು ಬಾಯಲ್ಲಿ ಹೇಳತೊಡಗಿದರೆ ನಿಲ್ಲಿಸದ ಹುಡುಗಿ ಕಾಗದದ ಮೇಲೆ ‘ಚೆನ್ನಾಗಿತ್ತು’ ಎಂದು ಆರು ಸಲ, ‘ತಣ್ಣಗಿತ್ತು’ ಎಂದು ನಾಲ್ಕು ಸಲ ಬರೆದಿದ್ದಾಳೆ. ನಾನು ನಿಘಂಟು ನೋಡಿ ‘ರಮಣೀಯ’, ‘ಮನೋಹರ’, ‘ಆಹ್ಲಾದಕರ’ ಎಂಬ ಪದಗಳನ್ನು ಬರೆದುಕೊಟ್ಟೆ. ಅದನ್ನು ಓದಿ ಅವಳು, “ಅಮ್ಮಾ, ಇದು ನಾನು ಈಜಿದ ನೀರಲ್ಲ” ಎಂದಳು. ಆ ಮಾತು ಎರಡು ದಿನದಿಂದ ನನ್ನನ್ನು ಕಾಡುತ್ತಿದೆ. ಅವಳಿಗೆ ಒಪ್ಪುವ ಪದಗಳನ್ನು ದಯವಿಟ್ಟು ತಿಳಿಸಿ, ಶನಿವಾರ ಒಪ್ಪಿಸಬೇಕು.

ಒಬ್ಬ ಸದಸ್ಯರು:
ತಿಳಿಯಾದ, ಆಳವಾದ, ನೀಲಿಯಾದ, ಹೊಳೆಯುವ, ಬೆಚ್ಚಗಿನ. ಇಷ್ಟು ಸಾಕಾಗುತ್ತದೆ ಮೇಡಂ.

ಸ್ಪರ್ಧೆಗಳಲ್ಲಿ ಈಜುವ ಹುಡುಗನ ತಂದೆ:
ನೀರಿಗಿಂತ ಮೊದಲು ಈಜಿನ ಬಗೆಗೆ ಪದ ಹುಡುಕಬೇಕು ಎಂಬುದು ನನ್ನ ಅಭಿಪ್ರಾಯ. ನನ್ನ ಮಗ ಐದು ವರ್ಷಗಳಿಂದ ಬಟರ್‌ಫ್ಲೈ ಈಜುತ್ತಿದ್ದಾನೆ. ಅವನ ಎರಡೂ ತೋಳುಗಳು ಒಟ್ಟಿಗೆ ನೀರಿನಿಂದ ಮೇಲೆದ್ದಾಗ ನನಗೆ ಹೊಳೆಯುವ ಪದ ‘ಅಬ್ಬರದ’ ಎಂಬುದೊಂದೇ. ಬ್ರೆಸ್ಟ್‌ಸ್ಟ್ರೋಕ್ ಆದರೋ ಸದ್ದಿಲ್ಲದ, ನಿಧಾನವಾದ ಈಜು. ಬಟರ್‌ಫ್ಲೈ ಹುಟ್ಟಿದ್ದೇ ಬ್ರೆಸ್ಟ್‌ಸ್ಟ್ರೋಕಿನಿಂದ, ಮತ್ತು ಒಲಿಂಪಿಕ್ಸ್‌ನಲ್ಲಿ ಅದಕ್ಕೆ ಪ್ರತ್ಯೇಕ ಸ್ಪರ್ಧೆ ಏರ್ಪಟ್ಟದ್ದು 1956ರ ಮೆಲ್ಬರ್ನ್ ಕೂಟದಲ್ಲಿ. ಒಂದೇ ಬೇರಿನ ಎರಡು ಈಜುಗಳಿಗೆ ಇಂದು ಎದುರುಬದುರಾದ ಗುಣವಾಚಕಗಳು ಬೇಕಾಗುತ್ತವೆ. ಮಗ ಕಳೆದ ತಿಂಗಳು ತನ್ನ ಅತ್ಯುತ್ತಮ ಸಮಯವನ್ನು ಮತ್ತೆ ಉತ್ತಮಪಡಿಸಿಕೊಂಡ ಎಂಬುದನ್ನೂ ಸಂತೋಷದಿಂದ ಹಂಚಿಕೊಳ್ಳುತ್ತೇನೆ.

ಮಕ್ಕಳಿಗೆ ಈಜು ಕಲಿಸುವ ಸದಸ್ಯೆ:
ಅಕ್ಕ, ಪಟ್ಟಿಯನ್ನು ಬದಿಗಿಟ್ಟು ಮಗಳನ್ನು ಒಂದು ಪ್ರಶ್ನೆ ಕೇಳಿ: ನೀರು ತಣ್ಣಗಿತ್ತು ಎಂದೆಯಲ್ಲ, ಯಾವಾಗ? ಸ್ಪರ್ಧೆಯ ಕೊಳದ ನೀರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟೇ ಬಿಸುಪಿನ ಗಾಳಿ ನಮಗೆ ಹಿತವೆನಿಸುತ್ತದೆ. ನೀರು ಮಾತ್ರ ಮೈಯ ಶಾಖವನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಸೆಳೆಯುವುದರಿಂದ ಮೊದಲ ಕ್ಷಣದಲ್ಲಿ ಕೊರೆಯುತ್ತದೆ. ನಾಲ್ಕು ಸುತ್ತು ಈಜಿದ ಮೇಲೆ ಅದೇ ನೀರು ಹಿತವಾದ ನೀರಾಗುತ್ತದೆ, ಮೇಲೆದ್ದು ನಿಂತಾಗ ಗಾಳಿಯೇ ಕೊರೆಯುವಂತಾಗುತ್ತದೆ. ಆದ್ದರಿಂದ ಗುಣವಾಚಕವನ್ನು ನೀರಿಗೆ ಹಚ್ಚದೆ ಆ ಗಳಿಗೆಗೆ ಹಚ್ಚಬೇಕು.

ಕನ್ನಡದಲ್ಲಿ ಇದಕ್ಕೆ ಒಂದು ಸುಲಭದ ದಾರಿಯೂ ಇದೆ. ಮಗುವಿಗೆ ಗೊತ್ತಿರುವ ಕ್ರಿಯಾಪದವನ್ನೇ ನಾಮಪದದ ಮುಂದೆ ನಿಲ್ಲಿಸಿದರೆ ಅದು ಬಣ್ಣಿಸುವ ಪದವಾಗುತ್ತದೆ: ಉರಿಯುವ ಕಣ್ಣು, ಜಾರುವ ಅಂಚು, ದಣಿದ ತೋಳು, ಸುಕ್ಕುಗಟ್ಟಿದ ಬೆರಳು, ಕದಡಿದ ನೀರು. ಒಂದಕ್ಕೂ ನಿಘಂಟು ಬೇಕಿಲ್ಲ. ‘ತಣ್ಣಗೆ ನೀರು’ ಎಂದು ಬರೆದಿದ್ದರೆ ಮಾತ್ರ ತಿದ್ದಿ. ಕ್ರಿಯಾಪದದೊಂದಿಗೆ ‘ತಣ್ಣಗೆ’, ನಾಮಪದದ ಮುಂದೆ ‘ತಣ್ಣನೆಯ’.

ಅಚ್ಚಗನ್ನಡವನ್ನು ಬಯಸುವ ಹಿರಿಯ ಸದಸ್ಯರು:
ಇಲ್ಲಿ ಯಾರೂ ಮೂಲ ತಪ್ಪನ್ನು ಹೇಳುತ್ತಿಲ್ಲ. ‘ರಮಣೀಯ’ ಎಂಬ ಪದವನ್ನು ಮಗುವಿನ ಕೈಗೆ ಕೊಟ್ಟದ್ದೇ ತಪ್ಪು. ದೂರದ ನಾಡಿನಲ್ಲಿ ಬೆಳೆಯುವ ಮಕ್ಕಳಿಗೆ ನಾವು ಎರವಲು ಪದಗಳನ್ನು ಹೊರಿಸಿ, ಆಮೇಲೆ ಅವರಿಗೆ ಕನ್ನಡ ಬಾರದೆಂದು ಕೊರಗುತ್ತೇವೆ. ತಣ್ಣೀರು, ತಿಳಿನೀರು, ಹಿನ್ನೀರು, ಮುನ್ನೀರು: ಗುಣವನ್ನು ಹೆಸರಿನೊಳಗೇ ಬೆಸೆಯುವ ನುಡಿ ನಮ್ಮದು. ಈ ಪುಟದಲ್ಲಿ ಒಂದೇ ಒಂದು ಸಂಸ್ಕೃತ ಪದವೂ ಇರಕೂಡದು.

ಇನ್ನೊಬ್ಬ ಸದಸ್ಯೆ:
ಸರ್, ನಿಮ್ಮ ಕಾಳಜಿಯನ್ನು ಗೌರವಿಸುತ್ತೇನೆ. ಆದರೆ ‘ಸ್ವಚ್ಛ’, ‘ವೇಗ’, ‘ಭಯ’ ಎಂಬ ಪದಗಳು ಇಲ್ಲದೆ ಒಂದು ಮಗು ಈಜನ್ನು ಹೇಗೆ ಬಣ್ಣಿಸಬೇಕು?

ಹಿರಿಯ ಸದಸ್ಯರು:
ತಿಳಿ, ಬಿರುಸು, ಅಂಜಿಕೆ. ಮೂರೂ ನಮ್ಮಲ್ಲಿವೆ.

ಅದೇ ಸದಸ್ಯೆ:
ಇವೆ, ಸರ್, ಆದರೆ ಮಗುವಿನ ಬಾಯಲ್ಲಿ ಇರುವ ಪದ ‘ಭಯ’. ಅದನ್ನು ಕಿತ್ತುಕೊಂಡು ‘ಅಂಜಿಕೆ’ ಕೊಟ್ಟರೆ ‘ರಮಣೀಯ’ ಕೊಟ್ಟದ್ದಕ್ಕಿಂತ ಅದು ಹೇಗೆ ಬೇರೆಯಾಗುತ್ತದೆ?

(ಇದಾದ ಮೇಲೆ ಎರವಲು ಪದಗಳ ಬಗ್ಗೆಯೇ ಹದಿನೇಳು ಉತ್ತರಗಳು ಬಂದವು.)

ಮಕ್ಕಳು ದೊಡ್ಡವರಾದ ಒಬ್ಬ ತಂದೆ:
ನಾನು ಈ ವಾದಕ್ಕೆ ಸೇರದೆ ನನ್ನದೊಂದು ತಪ್ಪನ್ನು ಹೇಳಿಕೊಳ್ಳುತ್ತೇನೆ. ಮಗನಿಗೆ ಎಂಟು ವರ್ಷವಾಗಿದ್ದಾಗ, ಈಜು ಕಲಿಯಲು ತೊಡಗಿದ ವಾರದಲ್ಲಿ, “ನೀರು ದಪ್ಪ ಇತ್ತು” ಎಂದು ಕನ್ನಡದಲ್ಲಿ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ‘ದಪ್ಪ’ವನ್ನು ಹೊಡೆದು ‘ಆಳ’ ಎಂದು ಬರೆದೆ. ಅವನು ಆಳದ ಬಗ್ಗೆ ಹೇಳಿರಲಿಲ್ಲ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ಗಾಳಿಯಲ್ಲಿ ಸಲೀಸಾಗಿ ಬೀಸುವ ಕೈ ನೀರಿನಲ್ಲಿ ಮುಂದೆ ಸಾಗದೆ ತಡೆದದ್ದನ್ನು ಆ ಪುಟ್ಟ ಮಗು ತನಗೆ ಗೊತ್ತಿದ್ದ ಪದದಲ್ಲಿ ಹೇಳಿತ್ತು. ಅವನಿಗೀಗ 26 ವರ್ಷ. ಆ ಪುಟದ ನಂತರ ಅವನು ಕನ್ನಡದಲ್ಲಿ ತಾನಾಗಿಯೇ ಏನನ್ನೂ ಬರೆದದ್ದು ನನಗೆ ನೆನಪಿಲ್ಲ.

ಹಿರಿಯ ಸದಸ್ಯರು:
‘ದಪ್ಪ’ ಒಳ್ಳೆಯ ಕನ್ನಡ ಪದ. ನೀವು ಅದನ್ನು ಹೊಡೆಯಬಾರದಿತ್ತು.

ಈಜು ಕಲಿಸುವ ಸದಸ್ಯೆ:
ಸರ್, ನಿಮ್ಮ ಮಗ ಬರೆದದ್ದನ್ನು ನಾನು ನನ್ನ ತರಗತಿಯ ಮಕ್ಕಳಿಗೆ ಹೇಳುತ್ತೇನೆ. ಅಕ್ಕ, ಕಿವಿಯನ್ನೂ ಮರೆಯಬೇಡಿ. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಮಿಗಿಲಾದ ವೇಗದಲ್ಲಿ ಸಾಗಿ ಎರಡೂ ಕಿವಿಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ತಲುಪುವುದರಿಂದ, ಅದು ಯಾವ ಕಡೆಯಿಂದ ಬಂತೆಂದು ತಿಳಿಯುವುದೇ ಕಷ್ಟ. ಮುಳುಗಿದಾಗ ಏನು ಕೇಳಿಸಿತು ಎಂದು ಕೇಳಿ. ಬುಳುಬುಳು, ಗುಂಯ್, ಪಟಪಟ, ಏನು ಹೇಳಿದರೂ ಹಾಗೆಯೇ ಬರೆಯಲಿ. ಅನುಕರಣ ಪದಗಳು ಕನ್ನಡದ ದೊಡ್ಡ ಸಿರಿ, ಮಕ್ಕಳು ಅವನ್ನು ದೊಡ್ಡವರಿಗಿಂತ ಚೆನ್ನಾಗಿ ಬಳಸುತ್ತಾರೆ.

ಪ್ರಶ್ನೆ ಕೇಳಿದ ತಾಯಿ:
ನಿನ್ನೆ ರಾತ್ರಿ ಪಕ್ಕದಲ್ಲಿ ಕುಳಿತು ಕೇಳುತ್ತ ಹೋದೆ. ಪೆನ್ನನ್ನು ನಾನು ಮುಟ್ಟಲಿಲ್ಲ. “ಮೇಲಿನಿಂದ ನೋಡಿದಾಗ ಸುಳ್ಳು ಹೇಳುವ ಆಳ” ಎಂದು ಬರೆದಿದ್ದಾಳೆ, ಏಕೆಂದರೆ ಕೊಳ ಕಾಣಿಸಿದಷ್ಟೇ ಇರಬಹುದೆಂದು ಇಳಿದಾಗ ಅವಳ ಕಾಲು ನೆಲ ಮುಟ್ಟಲಿಲ್ಲವಂತೆ. “ಬುಳುಬುಳು ಗುಳ್ಳೆಗಳು ಕಚಗುಳಿಯಿಡುವ ಮೂಗು” ಎಂದೂ ಇದೆ. ಎರಡನೆಯದು ವ್ಯಾಕರಣದ ಪ್ರಕಾರ ಸರಿಯೇ?

ಈಜು ಕಲಿಸುವ ಸದಸ್ಯೆ:
ಸರಿಯಾಗಿದೆ ಅಕ್ಕ, ತಿದ್ದಬೇಡಿ. ಮೊದಲನೆಯದೂ ನಿಜವೇ: ಬೆಳಕು ನೀರಿನಿಂದ ಹೊರಬರುವಾಗ ಬಾಗುವುದರಿಂದ, ನೇರವಾಗಿ ಮೇಲಿನಿಂದ ನೋಡಿದರೆ 2 ಮೀಟರ್ ಆಳದ ಕೊಳ ಒಂದೂವರೆ ಮೀಟರಿನಂತೆ ಕಾಣುತ್ತದೆ. ‘ಚೆನ್ನಾಗಿತ್ತು’ ಎಷ್ಟು ಸಲ ಉಳಿದಿದೆ?

ಪ್ರಶ್ನೆ ಕೇಳಿದ ತಾಯಿ:
ಒಂದು ಸಲ. ಕೊನೆಯ ಸಾಲಿನಲ್ಲಿ ಅದು ಇರಲೇಬೇಕೆಂದು ಹಟ ಹಿಡಿದಿದ್ದಾಳೆ.