ಲಿಪಿಡ್ ಪೊರೆ ಮತ್ತು ನ್ಯೂಟ್ರಾನ್: ‘ಕಾಂಟ್ರಾಸ್ಟ್ ಮ್ಯಾಚಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಇಲ್ಲಿ ಕಲಬುರಗಿಯಲ್ಲಿ ಡಿಗ್ರಿ ಓದುವ ಹುಡುಗರಿಗಾಗಿ ಕನ್ನಡದಲ್ಲಿ ಭೌತಶಾಸ್ತ್ರದ ಟಿಪ್ಪಣಿ ಬರೆಯುತ್ತಿದ್ದೇನೆ. ಜೀವಕೋಶದ ಪೊರೆಯಲ್ಲಿ ಕೊಬ್ಬಿನ ಜಾತಿಯ ಅಣುಗಳಾದ ಲಿಪಿಡ್‌ಗಳು ಹೇಗೆ ಸಾಲುಗಟ್ಟಿ ನಿಲ್ಲುತ್ತವೆ ಅಂತ ನ್ಯೂಟ್ರಾನ್ ಹಾಯಿಸಿ ನೋಡುವುದು ಈ ಸಲದ ವಿಷಯ. ಮುಂಬೈನ ಟ್ರಾಂಬೆಯಲ್ಲಿರುವ ಧ್ರುವ ರಿಯಾಕ್ಟರಿನಲ್ಲಿ, ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಇಂಥ ಕೆಲಸಕ್ಕೆ ಬೇಕಾದ ಉಪಕರಣಗಳಿವೆ.

ಕೆಲವು ಪದ ತಾವಾಗೇ ಬಂದವು. ಪೊರೆ ಇದ್ದೇ ಇದೆ. ತಲೆ, ಬಾಲ ಅಂದರೂ ಸಾಕು. ಲಿಪಿಡ್ಡಿನ ತಲೆಗೆ ನೀರು ಬೇಕು, ಬಾಲಗಳಿಗೆ ನೀರು ಆಗಿಬರುವುದಿಲ್ಲ. ಹಾಗಾಗಿ ಬಾಲಗಳನ್ನು ಒಳಗೆ ಮಾಡಿಕೊಂಡು ಎರಡು ಪದರವಾಗಿ ನಿಲ್ಲುತ್ತವೆ. ಒಟ್ಟು ದಪ್ಪ ಸುಮಾರು 4–5 ನ್ಯಾನೊಮೀಟರ್, ಅಷ್ಟೇ. ಮಾಡೆಲ್ ಮೆಂಬ್ರೇನ್ ಅನ್ನುವುದಕ್ಕೆ ‘ಮಾದರಿ ಪೊರೆ’ ಮಾತ್ರ ನನಗೆ ಒಗ್ಗಲಿಲ್ಲ. ಮಾದರಿ ಶಾಲೆ, ಮಾದರಿ ರೈತ ಅಂತ ಕೇಳಿದವರಿಗೆ ಅದು ಎಲ್ಲಕ್ಕಿಂತ ಒಳ್ಳೆಯ ಪೊರೆ ಅನಿಸುತ್ತದೆ. ಒಂದೆರಡು ಬಗೆಯ ಲಿಪಿಡ್ ತಂದು ಲ್ಯಾಬಿನಲ್ಲಿ ಕಟ್ಟಿದ್ದು ತಾನೇ? ‘ಕಟ್ಟಿದ ಪೊರೆ’ ಅಂತಲೇ ಬರೆದೆ.

ಸ್ಕ್ಯಾಟರಿಂಗ್ ಅನ್ನುವುದಕ್ಕೆ ಇಟ್ಟ ‘ಚದುರಿಕೆ’ಯಲ್ಲಿ ಒಂದು ತೊಡಕು ಬಂತು. ಆಕಾಶ ಯಾಕೆ ನೀಲಿ ಅನ್ನುವ ಪಾಠದಿಂದಲೇ ಬೆಳಕಿನ ಚದುರುವಿಕೆ ಎಲ್ಲರಿಗೂ ಗೊತ್ತು. ಆದರೆ ‘ನ್ಯೂಟ್ರಾನ್ ಚದುರಿಕೆಯಿಂದ ಲಿಪಿಡ್ ಜೋಡಣೆ ತಿಳಿಯುತ್ತದೆ’ ಅಂತ ಓದಿದ ಹುಡುಗನೊಬ್ಬ, “ಎಲ್ಲಾ ಚದುರಿ ಹೋದ ಮ್ಯಾಲ ಜೋಡಣೆ ಹ್ಯಾಂಗ ತಿಳಿತದ್ರಿ ಸರ?” ಅಂದ. ಸರಿಯಾದ ಪ್ರಶ್ನೆ. ಪೊಲೀಸರು ಗುಂಪು ಚದುರಿಸಿದರು ಅಂತ ದಿನಾ ಪೇಪರಿನಲ್ಲಿ ಓದುತ್ತೇವಲ್ಲ, ನ್ಯೂಟ್ರಾನ್ ಬಡಿದು ಲಿಪಿಡ್ ಚೆಲ್ಲಾಪಿಲ್ಲಿ ಆಯಿತು ಅಂತ ಅವನು ತಿಳಿದ. ಪೊರೆ ಇದ್ದ ಹಾಗೇ ಇರುತ್ತದೆ, ದಿಕ್ಕು ಬದಲಿಸುವುದು ನ್ಯೂಟ್ರಾನ್. ಯಾವ ಕೋನಕ್ಕೆ ಎಷ್ಟು ಹೋದವು ಅಂತ ಅಳೆದು ಪೊರೆಯ ಒಳಗುಟ್ಟು ತಿಳಿಯುತ್ತಾರೆ. ಈಗ ‘ಪೊರೆಯಿಂದ ಚದುರಿದ ನ್ಯೂಟ್ರಾನ್’ ಅಂತ ಬಿಡಿಸಿ ಬರೆಯುತ್ತೇನೆ.

ಇನ್ನು ನನ್ನ ಮುಖ್ಯ ಪ್ರಶ್ನೆ. ಎಕ್ಸ್-ಕಿರಣವನ್ನು ಚದುರಿಸುವುದು ಎಲೆಕ್ಟ್ರಾನ್‌ಗಳು. ಹೈಡ್ರೋಜನ್‌ನಲ್ಲಿ ಇರುವುದೇ ಒಂದು, ಹಾಗಾಗಿ ಅದು ಸರಿಯಾಗಿ ಕಾಣುವುದಿಲ್ಲ. ನ್ಯೂಟ್ರಾನನ್ನು ಚದುರಿಸುವುದು ಪರಮಾಣುವಿನ ಬೀಜ. ಹೈಡ್ರೋಜನ್ ಬೀಜದ ಚದುರಿಸುವ ಅಳತೆ (ಸ್ಕ್ಯಾಟರಿಂಗ್ ಲೆಂಗ್ತ್) ಮೈನಸ್ 3.74 ಫೆಮ್ಟೊಮೀಟರ್. ಅದರ ಅಣ್ಣ, ಅಂದರೆ ಹೈಡ್ರೋಜನ್ನಿನದೇ ಭಾರದ ರೂಪವಾದ ಡ್ಯುಟೀರಿಯಂದು ಪ್ಲಸ್ 6.67. ರಸಾಯನದಲ್ಲಿ ಹೆಚ್ಚುಕಡಿಮೆ ಒಂದೇ, ನ್ಯೂಟ್ರಾನಿಗೆ ಮಾತ್ರ ಪೂರ್ತಿ ಬೇರೆ. ಸಾದಾ ನೀರಿಗೆ ಭಾರಜಲ (ಹೈಡ್ರೋಜನ್ ಬದಲು ಡ್ಯುಟೀರಿಯಂ ಇರುವ ನೀರು) ಬೆರೆಸುತ್ತಾ ಹೋದರೆ ನೀರಿನ ಅಳತೆಯನ್ನು ಬೇಕಾದಲ್ಲಿ ನಿಲ್ಲಿಸಬಹುದು. ಸುಮಾರು 8 ಶೇಕಡ ಭಾರಜಲಕ್ಕೆ ಅದು ಸೊನ್ನೆಯಾಗುತ್ತದೆ. ಸಾದಾ ಲಿಪಿಡ್ಡಿನ ಬಾಲ ಸಾದಾ ನೀರಿನಲ್ಲಿ ಹೆಚ್ಚು ಕಾಣುವುದೇ ಇಲ್ಲ, ಭಾರಜಲದಲ್ಲಿ ಎದ್ದು ಕಾಣುತ್ತದೆ.

ಇದರಲ್ಲಿ ನನಗೆ ಬಹಳ ಹಿಡಿಸಿದ ಪ್ರಯೋಗ ಒಂದಿದೆ. ಎರಡು ಬಗೆಯ ಲಿಪಿಡ್, ಒಂದರ ಬಾಲದಲ್ಲಿ ಡ್ಯುಟೀರಿಯಂ. ಎರಡೂ ಚೆನ್ನಾಗಿ ಬೆರೆತಾಗ ಬರುವ ಸರಾಸರಿ ಅಳತೆಗೆ ನೀರನ್ನು ಹೊಂದಿಸುತ್ತಾರೆ. ಬೆರೆತೇ ಇದ್ದರೆ ಪೊರೆಯ ಸುಳಿವು ಬಹುಪಾಲು ಅಳಿಸಿಹೋಗುತ್ತದೆ. ಒಂದೇ ಬಗೆಯವು ಗುಂಪುಗಟ್ಟಿದರೆ ತಕ್ಷಣ ಸಿಗ್ನಲ್ ಏರುತ್ತದೆ. ಪೊರೆಗೆ ಯಾವ ಬಣ್ಣವನ್ನೂ ಅಂಟಿಸದೆ ಈ ಗುಂಪುಗಾರಿಕೆ ಹಿಡಿದುಬಿಡುವುದು ದೊಡ್ಡ ಮಾತು.

ಹೀಗೆ ನೀರಿನ ಅಳತೆ ಹೊಂದಿಸಿ ಒಂದು ಭಾಗ ಕಾಣದ ಹಾಗೆ ಮಾಡುವುದಕ್ಕೇ ಕಾಂಟ್ರಾಸ್ಟ್ ಮ್ಯಾಚಿಂಗ್ ಅನ್ನುತ್ತಾರೆ. ಹಾಗೇ ಇಟ್ಟುಕೊಳ್ಳೋಣ ಅಂದರೆ, ಸೂಪರ್ ಮಾರ್ಕೆಟ್ಟಿನ ಸೀರೆ ಅಂಗಡಿಯಲ್ಲಿ “ಮ್ಯಾಚಿಂಗ್ ಬೇಕೊ, ಕಾಂಟ್ರಾಸ್ಟ್ ಬೇಕೊ?” ಅಂತ ಕೇಳುತ್ತಾರೆ. ನಮ್ಮ ಕನ್ನಡದಲ್ಲಿ ಅವೆರಡೂ ಒಂದಕ್ಕೊಂದು ಎದುರು. ಸೇರಿಸಿ ಹೇಳಿದರೆ ಓದುವವರು ತಡವರಿಸುತ್ತಾರೆ, ಅಲ್ವಾ?

‘ವ್ಯತಿರಿಕ್ತತೆಯ ಸಮೀಕರಣ’ ಅಂತ ಬರೆದರೆ ಯಾರೂ ಮುಂದೆ ಓದುವುದಿಲ್ಲ. ಕಾಂಟ್ರಾಸ್ಟಿಗೆ ‘ಎದ್ದುಕಾಣಿಕೆ’, ಮ್ಯಾಚ್ ಮಾಡುವುದಕ್ಕೆ ‘ಮರೆಗೂಡಿಸು’ ಅಂತ ಇಟ್ಟು ನೋಡಿದ್ದೇನೆ. ‘ಭಾರಜಲ ಬೆರೆಸಿ ಬಾಲಗಳನ್ನು ಮರೆಗೂಡಿಸಿದರು, ತಲೆಗಳು ಮಾತ್ರ ಎದ್ದು ಕಂಡವು.’ ಈ ವಾಕ್ಯ ನಿಮಗೆ ಸಲೀಸಾಗಿ ಓದಿಸಿಕೊಳ್ಳುತ್ತದೆಯೇ? ‘ಮರೆಗೂಡಿಸು’ ಅಂದಾಗ ಬಚ್ಚಿಡುವ ಅರ್ಥ ಜಾಸ್ತಿ ಬರುತ್ತದೆಯೇ?

ಬೀದರಿನವರಿಗೆ ಇನ್ನೊಂದು ಕೇಳಬೇಕು. ಬಿದರಿ ಕೆಲಸದಲ್ಲಿ ಬೆಳ್ಳಿ ಕೂರಿಸಿ ಉಜ್ಜಿದ ಮೇಲೆ, ಸತುವಿನ ಮೈ ಯಾವುದು, ಬೆಳ್ಳಿ ಯಾವುದು ಅಂತ ಗುರುತು ಹಿಡಿಯುವುದೇ ಕಷ್ಟ. ಆಮೇಲೆ ಕೋಟೆಯ ಮಣ್ಣು, ನವಸಾಗರ ಹಾಕಿದ ನೀರಿನಿಂದ ಮೈ ಕಪ್ಪಾಗಿ ಬೆಳ್ಳಿ ಎದ್ದು ಕಾಣುತ್ತದೆ. ನನಗೆ ಬೇಕಾದ ಎರಡೂ ಸ್ಥಿತಿ ಅಲ್ಲಿವೆ. ಒಂದಾಗಿ ಕಾಣುವ ಹಂತಕ್ಕೆ, ಬೇರೆಯಾಗಿ ಕಾಣುವ ಹಂತಕ್ಕೆ ಕುಶಲಕರ್ಮಿಗಳು ತಮ್ಮತಮ್ಮಲ್ಲಿ ಏನನ್ನುತ್ತಾರೆ? ಉರ್ದು, ದಖ್ಖನಿ ಮಾತಾದರೂ ಪರವಾಗಿಲ್ಲ, ಅವರು ಹೇಳಿದ ಹಾಗೇ ಬರೆದು ಕಳಿಸಿ.