ಡಿಬಗರ್‌ನ ಸ್ಟೆಪ್ ಟೆಸ್ಟ್ ನನ್ನಲ್ಲಿ ಪಾಸ್, ಸರ್ವರ್‌ನಲ್ಲಿ ಫೇಲ್. ಏನು ಮಾಡಲಿ?

ಪ್ರಶ್ನೆ (ಬದಿಯಡ್ಕದಿಂದ)

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಒಂದು ಸಣ್ಣ ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಎಡಿಟರ್‌ಗೆ ಜೋಡಿಸುವ ಡಿಬಗರ್ ಪ್ಲಗಿನ್ ನಮ್ಮದು, ಅಂದರೆ ಪ್ರೋಗ್ರಾಂ ಅನ್ನು ನಡುನಡುವೆ ನಿಲ್ಲಿಸಿ ತಪ್ಪು ಹುಡುಕುವ ಸಾಧನ. ಒಳಗೆ ಓಡುವುದು ಜಿಡಿಬಿ ಅನ್ನುವ ಓಪನ್ ಸೋರ್ಸ್ ಡಿಬಗರ್. ಸ್ಟೆಪ್ (ಒಂದು ಸಾಲು ಮುಂದೆ, ಕರೆದ ಫಂಕ್ಷನ್ ಒಳಗೂ ಹೋಗುತ್ತದೆ), ನೆಕ್ಸ್ಟ್ (ಒಂದು ಸಾಲು ಮುಂದೆ, ಫಂಕ್ಷನ್ ಒಳಗೆ ಹೋಗದೆ ದಾಟುತ್ತದೆ), ಫಿನಿಶ್ (ಈಗಿನ ಫಂಕ್ಷನ್ ಮುಗಿಯುವ ತನಕ ಓಡುತ್ತದೆ) ಬಟನ್‌ಗಳಿಗೆ ಆಟೊಮೇಟೆಡ್ ಟೆಸ್ಟ್ ಬರೆಯುವ ಕೆಲಸ ಈಗ ನನ್ನ ತಲೆಗೆ ಬಂದಿದೆ.

ಅಡಿಕೆ ಚೀಲಗಳ ತೂಕ ಕೂಡಿಸುವ ಒಂದು ಪುಟ್ಟ ಸಿ ಪ್ರೋಗ್ರಾಂ ಬರೆದಿದ್ದೇನೆ. ಪ್ರೋಗ್ರಾಂ ಶುರುವಾಗುವ ಮೇನ್ ಫಂಕ್ಷನ್‌ನಲ್ಲಿ ಬ್ರೇಕ್‌ಪಾಯಿಂಟ್ (ಇಲ್ಲಿ ನಿಲ್ಲು ಅನ್ನುವ ಗುರುತು) ಹಾಕಿ, ಕಮಾಂಡ್‌ಗಳನ್ನು ಒಂದರ ಹಿಂದೆ ಒಂದು ಕಳಿಸುತ್ತೇನೆ. ಪ್ರತಿ ಕಮಾಂಡ್ ಆದ ಮೇಲೆ ಎರಡು ಸೆಕೆಂಡ್ ಸ್ಲೀಪ್. ಆಮೇಲೆ ಸ್ಕ್ರೀನಿಗೆ ಬಂದದ್ದನ್ನು ಮೊದಲೇ ಉಳಿಸಿಟ್ಟ ಔಟ್‌ಪುಟ್ ಜೊತೆ ಹೋಲಿಸುತ್ತೇನೆ. ನನ್ನ ಲ್ಯಾಪ್‌ಟಾಪಿನಲ್ಲಿ ಎಲ್ಲ ಪಾಸ್. ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸಿಐ ಸರ್ವರ್‌ಗಳಲ್ಲಿ, ಡಾಕರ್ ಅನ್ನುವ ಪ್ರತ್ಯೇಕ ಡಬ್ಬಿಯೊಳಗೆ, ಫಿನಿಶ್ ಯಾವಾಗಲೂ ಫೇಲ್. ಅದರಲ್ಲೂ ಒಂದು ಸರ್ವರ್‌ನಲ್ಲಿ ಸ್ಟೆಪ್ ಕೊಟ್ಟರೆ ಅಕ್ಷರ ಮುದ್ರಿಸುವ ಲೈಬ್ರರಿ ಫಂಕ್ಷನ್ ಪ್ರಿಂಟ್‌ಎಫ್ ಒಳಗೇ ಹೋಗಿ ಕೂರುತ್ತದೆ. "ಫೇಲ್ ಆದರೆ ಮೂರು ಸಲ ರೀಟ್ರೈ ಹಾಕಿ, ಸಾಕು" ಅಂತ ಟೀಮ್ ಲೀಡ್ ಹೇಳುತ್ತಾರೆ. ಡಿಬಗರ್ ಕೆಲಸ ಗೊತ್ತಿರುವ ಅಣ್ಣಂದಿರು, ಅಕ್ಕಂದಿರು ಯಾರಾದರೂ ಇದ್ದರೆ ದಾರಿ ತೋರಿಸಿ.

ಉತ್ತರ (ಉಪ್ಪಳದವನು, ಕಂಪೈಲರ್ ಮತ್ತು ಡಿಬಗರ್ ಕೆಲಸ)

ರೀಟ್ರೈ ಮಾತ್ರ ಬೇಡ ಮಾರಾಯ್ರೆ. ನೀವು ಹೇಳಿದ ಎರಡು ತೊಂದರೆಯೂ ಸುಮ್ನೆ ಬಂದು ಹೋಗುವಂಥದ್ದಲ್ಲ. ಎರಡಕ್ಕೂ ಸರಿಯಾದ ಕಾರಣ ಇದೆ.

ಮೊದಲು ಫಿನಿಶ್. ಫಿನಿಶ್ ಕೊಟ್ಟಾಗ ಫಂಕ್ಷನ್ ಮುಗಿದು, ಅದನ್ನು ಕರೆದ ಕಾಲ್ ಇನ್‌ಸ್ಟ್ರಕ್ಷನ್‌ನ ಮರುಕ್ಷಣದಲ್ಲಿ ಪ್ರೋಗ್ರಾಂ ನಿಲ್ಲುತ್ತದೆ. ಹಿಂದಕ್ಕೆ ಬಂದ ಬೆಲೆಯನ್ನು ವೇರಿಯಬಲ್‌ಗೆ ತುಂಬುವ ಕೆಲಸ ಆಗ ಇನ್ನೂ ಬಾಕಿ. ಅಂದರೆ ನಿಂತದ್ದು ಸಾಲಿನ ನಡುವೆ. ಸಾಲಿನ ನಡುವೆ ನಿಂತರೆ ಜಿಡಿಬಿ ಫಂಕ್ಷನ್ ಹೆಸರಿನ ಮುಂದೆ ಮೆಮೊರಿ ವಿಳಾಸವನ್ನೂ ತೋರಿಸುತ್ತದೆ. ನಿಮ್ಮ ಟೆಸ್ಟ್ ಎಡವಿದ್ದು ಆ ವಿಳಾಸದಲ್ಲಿ. ಲ್ಯಾಪ್‌ಟಾಪಿನಲ್ಲಿ ಜಿಡಿಬಿ ವಿಳಾಸ ಕಲಸುವುದನ್ನು, ಅಂದರೆ ಎಎಸ್‌ಎಲ್‌ಆರ್ ಅನ್ನು, ತಾನೇ ಬಂದ್ ಮಾಡಿ ಪ್ರೋಗ್ರಾಂ ಓಡಿಸುತ್ತದೆ. ಹಾಗಾಗಿ ಪ್ರತಿಸಲ ಅದೇ ವಿಳಾಸ. ಡಾಕರ್‌ನ ಮಾಮೂಲಿ ಸೆಕ್ಯುರಿಟಿ ಸೆಟ್ಟಿಂಗ್ ಅದಕ್ಕೆ ಬಿಡುವುದಿಲ್ಲ. ಲಾಗ್ ತೆಗೆದು ನೋಡಿ, ಅಡ್ರೆಸ್ ರ‍್ಯಾಂಡಮೈಸೇಷನ್ ನಿಲ್ಲಿಸಲು ಆಗಲಿಲ್ಲ ಅನ್ನುವ ವಾರ್ನಿಂಗ್ ಅಲ್ಲೇ ಬಿದ್ದಿರುತ್ತದೆ. ಡಾಕರ್ ಸೆಟ್ಟಿಂಗ್ ಸಡಿಲ ಮಾಡಿದರೆ ಇವತ್ತು ಪಾಸ್ ಆಗಬಹುದು. ನಾಳೆ ಕಂಪೈಲರ್ ಬದಲಾದರೆ ವಿಳಾಸವೂ ಬದಲು. ವಿಳಾಸ ಹೋಲಿಸುವುದನ್ನೇ ಬಿಡಿ.

ಪ್ರಿಂಟ್‌ಎಫ್ ಕಥೆ ಇನ್ನೂ ಸುಲಭ. ಸಾಲಿನ ಮಾಹಿತಿ ಇಲ್ಲದ ಫಂಕ್ಷನ್ ಒಳಗೆ ಸ್ಟೆಪ್ ಹೋಗುವುದಿಲ್ಲ, ದಾಟಿ ಬರುತ್ತದೆ. ಆ ಒಂದು ಸರ್ವರ್‌ನಲ್ಲಿ ಸಿ ಲೈಬ್ರರಿಯ ಡಿಬಗ್ ಸಿಂಬಲ್ (ಸಾಲಿನ ಮಾಹಿತಿ ಇರುವ ಫೈಲು) ಇನ್‌ಸ್ಟಾಲ್ ಆಗಿರಬೇಕು, ಇಲ್ಲದಿದ್ದರೆ ಡಿಬಗ್‌ಇನ್ಫೋಡ್ ಅನ್ನುವ ಸೇವೆ ಅದನ್ನು ನೆಟ್‌ನಿಂದ ಎಳೆದು ತರುತ್ತಿರಬೇಕು. ಮಾಹಿತಿ ಸಿಕ್ಕಿತು, ಸ್ಟೆಪ್ ಒಳಗೆ ಹೋಯಿತು. ಡಿಬಗರ್ ಮಾಡಿದ್ದು ಸರಿಯೇ. ಟೆಸ್ಟ್ ಓಡುವಾಗ ಡಿಬಗ್‌ಇನ್ಫೋಡ್ ಬಂದ್ ಇಡಿ. ಯೂಸರ್‌ನ ಸ್ವಂತ ಸೆಟ್ಟಿಂಗ್ ಇರುವ ಜಿಡಿಬಿ ಇನಿಟ್ ಫೈಲನ್ನೂ ಓದಿಸಬೇಡಿ. ಸ್ಟೆಪ್ ಟೆಸ್ಟ್‌ಗೆ ಲೈಬ್ರರಿ ಫಂಕ್ಷನ್ ಬೇಡವೇ ಬೇಡ, ನಿಮ್ಮದೇ ಫಂಕ್ಷನ್ ಕರೆಯಿರಿ.

ಈಗ ಮುಖ್ಯ ವಿಷಯ. ಸ್ಟೆಪ್ ಕಮಾಂಡ್ ಕೊಡುವ ಮಾತು ಒಂದೇ: ಇಂಥ ಜಾಗದಲ್ಲಿ, ಇಂಥ ಕಾರಣಕ್ಕೆ ನಿಲ್ಲುತ್ತೇನೆ ಅಂತ. ಟೆಸ್ಟ್ ಮಾಡಬೇಕಾದ್ದು ಅದನ್ನು. ಸ್ಕ್ರೀನಿನ ಅಕ್ಷರ ಮನುಷ್ಯರಿಗೆ ಓದಲು ಇರುವುದು, ಯಾವ ವರ್ಷನ್‌ನಲ್ಲೂ ಬದಲಾಗಬಹುದು. ಬೇರೆ ಪ್ರೋಗ್ರಾಂಗಳು ಓದಲೆಂದೇ ಇರುವ ಜಿಡಿಬಿಯ ಎಂಐ ಇಂಟರ್‌ಫೇಸ್ ಬಳಸಿ. ಅದು ನಿಂತ ಕೂಡಲೇ ಸ್ಟಾಪ್ಡ್ ಅಂತ ಒಂದು ಸಾಲು ಕಳಿಸುತ್ತದೆ, ಅದರಲ್ಲೇ ಕಾರಣವೂ ಇರುತ್ತದೆ. ಸ್ಟೆಪ್ ಅಥವಾ ನೆಕ್ಸ್ಟ್ ಮುಗಿದರೆ ಎಂಡ್-ಸ್ಟೆಪ್ಪಿಂಗ್-ರೇಂಜ್. ಫಿನಿಶ್ ಆದರೆ ಫಂಕ್ಷನ್-ಫಿನಿಶ್ಡ್. ನಡುವೆ ಬ್ರೇಕ್‌ಪಾಯಿಂಟ್ ಸಿಕ್ಕಿದರೆ ಬ್ರೇಕ್‌ಪಾಯಿಂಟ್-ಹಿಟ್. ಆ ಸಾಲು ಬರುವ ತನಕ ಕಾಯಿರಿ, ಸ್ಲೀಪ್ ತೆಗೆದು ಹಾಕಿ. ಬಾರದೇ ಹೋದರೆ ಟೈಮ್‌ಔಟ್, ಅದನ್ನು ಫೇಲ್ ಜೊತೆ ಬೆರೆಸದೆ ಬೇರೆಯಾಗಿ ಬರೆದಿಡಿ. ತಪ್ಪು ಜಾಗದಲ್ಲಿ ನಿಂತದ್ದು ಒಂದು ರೋಗ, ನಿಲ್ಲದೇ ಹೋದದ್ದು ಇನ್ನೊಂದು.

ಹಾಗೆಯೇ "ನೆಕ್ಸ್ಟ್ ಆದ ಮೇಲೆ 23ನೇ ಸಾಲು" ಅಂತ ಟೆಸ್ಟ್‌ನಲ್ಲಿ ಬರೆಯಬೇಡಿ. ಯಾರೋ ಫೈಲಿನ ತಲೆಯಲ್ಲಿ ಲೈಸೆನ್ಸ್ ಕಾಮೆಂಟ್ ಹಾಕಿದರೆ ಎಲ್ಲ ಟೆಸ್ಟ್ ಒಟ್ಟಿಗೆ ಮಲಗುತ್ತವೆ. ಪ್ರೋಗ್ರಾಂನ ಆ ಸಾಲಿನ ಕೊನೆಗೆ "ಇಲ್ಲಿ ನಿಲ್ಲಬೇಕು" ಅಂತ ಒಂದು ಕಾಮೆಂಟ್ ಇಡಿ. ಆ ಗುರುತು ಯಾವ ಸಾಲಿನಲ್ಲಿದೆ ಅಂತ ಟೆಸ್ಟೇ ಹುಡುಕಿಕೊಳ್ಳಲಿ.

ಮರುಪ್ರಶ್ನೆ (ಬದಿಯಡ್ಕದಿಂದ)

ತುಂಬ ಉಪಕಾರ ಅಣ್ಣಾ. ಲಾಗ್‌ನಲ್ಲಿ ನೀವು ಹೇಳಿದ ವಾರ್ನಿಂಗ್ ಇದೆ! ಎಂಐಗೆ ಬದಲಾಯಿಸುತ್ತೇನೆ. ಆದರೆ ಫಿನಿಶ್ ಆದ ಮೇಲೆ ಒಂದು ಕಡೆ ಕರೆದ ಸಾಲಿನಲ್ಲೇ ನಿಲ್ಲುತ್ತದೆ, ಇನ್ನೊಂದು ಕಡೆ ಅದರ ಮುಂದಿನ ಸಾಲಿನಲ್ಲಿ. ಯಾವುದು ಸರಿ? ಮತ್ತೆ, ನಿಂತ ಕಾರಣ ಮತ್ತು ಸಾಲು ನೋಡಿದರೆ ಸಾಕಾ?

ಉತ್ತರ

ಫಿನಿಶ್‌ನಲ್ಲಿ ಎರಡೂ ಸರಿ. ಫಂಕ್ಷನ್ ಬೆಲೆ ಹಿಂದಿರುಗಿಸದಿದ್ದರೆ, ಕಾಲ್ ಆದ ಮೇಲೆ ಆ ಸಾಲಿನಲ್ಲಿ ಮಾಡಲು ಏನೂ ಉಳಿಯದೇ ಇರಬಹುದು. ಆಗ ಮರುಕ್ಷಣದ ಇನ್‌ಸ್ಟ್ರಕ್ಷನ್ ಮುಂದಿನ ಸಾಲಿನದ್ದೇ. ಪ್ರೊಸೆಸರ್, ಕಂಪೈಲರ್ ನೋಡಿಕೊಂಡು ಇದು ಬದಲಾಗುತ್ತದೆ. ಟೆಸ್ಟ್ ಎರಡು ಸಾಲನ್ನೂ ಒಪ್ಪಲಿ, ಆದರೆ ಅವೆರಡನ್ನು ಮಾತ್ರ. ನಿಂತ ಫಂಕ್ಷನ್ ಮಾತ್ರ, ಮುಗಿದ ಫಂಕ್ಷನನ್ನು ಕರೆದದ್ದೇ ಆಗಿರಬೇಕು. ಯಾವ ಸಾಲಾದರೂ ಆದೀತು ಅಂತ ಸಡಿಲ ಬಿಟ್ಟರೆ ಆ ಟೆಸ್ಟ್ ಇದ್ದೂ ಇಲ್ಲದ ಹಾಗೆ.

ಎರಡನೇ ಪ್ರಶ್ನೆಗೆ: ಸಾಲು ಸಾಲದು. ಒಂದು ಉದಾಹರಣೆ ಬಿಡಿಸಿ ಹೇಳುತ್ತೇನೆ. ತನ್ನನ್ನೇ ಕರೆಯುವ ಫ್ಯಾಕ್ಟೋರಿಯಲ್ ಫಂಕ್ಷನ್ ತೆಗೆದುಕೊಳ್ಳಿ. ಎನ್ ಒಂದಾದರೆ ಒಂದನ್ನು ಹಿಂದಿರುಗಿಸುತ್ತದೆ. ಇಲ್ಲದಿದ್ದರೆ ಒಂದು ಸಾಲಿನಲ್ಲಿ ಎನ್‌ಗಿಂತ ಒಂದು ಕಡಿಮೆಗೆ ತನ್ನನ್ನೇ ಕರೆದು ಉತ್ತರ ಇಟ್ಟುಕೊಳ್ಳುತ್ತದೆ, ಮುಂದಿನ ಸಾಲಿನಲ್ಲಿ ಗುಣಿಸುತ್ತದೆ. ಎನ್ ಬೆಲೆ 5 ಇರುವಾಗ ಕರೆಯುವ ಸಾಲಿನಲ್ಲಿ ನಿಂತಿದ್ದೀರಿ. ನೆಕ್ಸ್ಟ್ ಕೊಟ್ಟಿರಿ. ಡಿಬಗರ್ ಹಿಂದೆ ಬರುವ ವಿಳಾಸದಲ್ಲಿ ಗುಟ್ಟಾಗಿ ಒಂದು ತಾತ್ಕಾಲಿಕ ಬ್ರೇಕ್‌ಪಾಯಿಂಟ್ ಹಾಕಿ ಪ್ರೋಗ್ರಾಂ ಓಡಲು ಬಿಡುತ್ತದೆ. ಒಳಗಿನ ಕರೆಗಳೆಲ್ಲ ಹಿಂದೆ ಬರುವುದೂ ಅದೇ ವಿಳಾಸಕ್ಕೆ! ಎಲ್ಲಕ್ಕಿಂತ ಮೊದಲು ಅಲ್ಲಿ ತಟ್ಟುವುದು ತೀರ ಒಳಗಿನ ಕರೆ. ಆಗ ಎನ್ ಬೆಲೆ 2. ಯಾವ ಫ್ರೇಮ್‌ನಲ್ಲಿದ್ದೇನೆ, ಅಂದರೆ ಎಷ್ಟನೇ ಕರೆಯೊಳಗಿದ್ದೇನೆ ಅಂತ ಡಿಬಗರ್ ನೋಡದಿದ್ದರೆ ಅಲ್ಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತದೆ. ಸಾಲು ಸರಿ, ಫಂಕ್ಷನ್ ಹೆಸರು ಸರಿ, ಕಾರಣವೂ ಸರಿ. ಎನ್ ಮಾತ್ರ 5 ಇರಬೇಕಾದಲ್ಲಿ 2. ಹಾಗಾಗಿ ಸ್ಟ್ಯಾಕ್‌ನ ಆಳ, ಅಂದರೆ ಒಂದರೊಳಗೊಂದು ಎಷ್ಟು ಕರೆ ಇವೆ ಅಂತಲೂ ನೋಡಿ, ಒಂದು ವೇರಿಯಬಲ್‌ನ ಬೆಲೆಯನ್ನೂ ನೋಡಿ.

ಸ್ಟೆಪ್‌ನಲ್ಲೂ ಬೆಲೆ ನೋಡುವುದು ಒಳ್ಳೆಯದು. ಹೊಸ ಫಂಕ್ಷನ್ ಒಳಗೆ ಹೋದಾಗ ಡಿಬಗರ್ ಪ್ರೊಲಾಗ್ (ಫಂಕ್ಷನ್‌ನ ಶುರುವಿನ ಸಿದ್ಧತೆಯ ಕೋಡ್) ದಾಟಿ ನಿಲ್ಲಬೇಕು. ಅದಕ್ಕೆ ಮೊದಲೇ ನಿಂತರೆ ಆರ್ಗ್ಯುಮೆಂಟ್‌ಗಳು ತಮ್ಮ ಜಾಗಕ್ಕೆ ಬಂದಿರುವುದಿಲ್ಲ, ಕಸ ಕಾಣುತ್ತದೆ.

ಇನ್ನೊಂದು ಟೆಸ್ಟ್ ಜನ ಮರೆಯುತ್ತಾರೆ. ನೆಕ್ಸ್ಟ್ ದಾಟುತ್ತಿರುವ ಫಂಕ್ಷನ್ ಒಳಗೆ ಯೂಸರ್ ಬ್ರೇಕ್‌ಪಾಯಿಂಟ್ ಇಟ್ಟಿದ್ದರೆ? ನೆಕ್ಸ್ಟ್ ಅಂದರೆ ಕಾಸರಗೋಡಿನಿಂದ ಮಂಗಳೂರಿಗೆ ಎಲ್ಲೂ ನಿಲ್ಲದೆ ಹೋಗುವ ಬಸ್ಸು, ಆದರೆ ತಲಪಾಡಿಯಲ್ಲಿ ಪೊಲೀಸರು ಕೈ ತೋರಿಸಿದರೆ ನಿಲ್ಲಲೇಬೇಕು. ಅಲ್ಲಿ ಕಾರಣ ಬ್ರೇಕ್‌ಪಾಯಿಂಟ್-ಹಿಟ್ ಅಂತ ಬರಬೇಕು. ಪ್ಲಗಿನ್ ಅದನ್ನು ಮಾಮೂಲಿ ಸ್ಟೆಪ್ ಅಂತ ತೋರಿಸಿದರೆ ಯೂಸರ್ ದಾರಿ ತಪ್ಪುತ್ತಾರೆ.

ಪ್ರಶ್ನೆ (ಕಾಸರಗೋಡಿನ ಎಂಜಿನಿಯರಿಂಗ್ ವಿದ್ಯಾರ್ಥಿ)

ಸರ್, ಜಿಡಿಬಿ ಮಾಡುವವರೇ ಇದನ್ನು ಹೇಗೆ ಟೆಸ್ಟ್ ಮಾಡುತ್ತಾರೆ? ನೋಡಿ ಕಲಿಯಲು ಆಗುತ್ತದಾ?

ಉತ್ತರ

ಧಾರಾಳ ಆಗುತ್ತದೆ, ಎಲ್ಲ ಓಪನ್ ಸೋರ್ಸ್ ಅಲ್ವಾ. ಜಿಡಿಬಿಯ ಟೆಸ್ಟ್‌ಗಳು ಡೆಜಾಗ್ನು ಅನ್ನುವ ಟೆಸ್ಟ್ ಚೌಕಟ್ಟಿನ ಮೇಲೆ ಓಡುತ್ತವೆ. ಬರೆದಿರುವುದು ಟಿಸಿಎಲ್ ಭಾಷೆಯಲ್ಲಿ, ಎಕ್ಸ್‌ಪೆಕ್ಟ್ ಅನ್ನುವ ಸಾಧನ ಬಳಸಿ. ಜಿಡಿಬಿ ಡಾಟ್ ಬೇಸ್ ಫೋಲ್ಡರಿನಲ್ಲಿ ಸ್ಟೆಪ್-ಟೆಸ್ಟ್ ಅಂತ ಇದೆ. ಒಂದು ಸಿ ಫೈಲು, ಒಂದು ಟೆಸ್ಟ್ ಫೈಲು. ಅದನ್ನೇ ಮೊದಲು ಓದಿ. ಫಿನಿಶ್ ಆದ ಮೇಲೆ ಎರಡು ಸಾಲುಗಳಲ್ಲಿ ಯಾವುದನ್ನಾದರೂ ಒಪ್ಪುವ ಜಾಗ ಅಲ್ಲೇ ಸಿಗುತ್ತದೆ. ಯಾವ ಪ್ರೊಸೆಸರ್‌ನಲ್ಲಿ ಯಾಕೆ ಹಾಗೆ ಅಂತ ಕಾಮೆಂಟ್ ಕೂಡ ಇದೆ. ಕಾಮೆಂಟ್ ಓದುವುದೇ ಒಂದು ಪಾಠ.

ಅವರು ಫಲಿತಾಂಶಕ್ಕೆ ಪಾಸ್, ಫೇಲ್ ಅಂತ ಎರಡೇ ಹೆಸರು ಇಟ್ಟಿಲ್ಲ. ತಪ್ಪು ಕಂಪೈಲರ್‌ನದ್ದೋ ಓಎಸ್‌ನದ್ದೋ ಅಂತ ಗೊತ್ತಿದ್ದರೆ ಎಕ್ಸ್‌ಫೇಲ್. ಜಿಡಿಬಿಯದ್ದೇ ಗೊತ್ತಿರುವ ಬಗ್ ಆದರೆ ಕೆಫೇಲ್, ಅದಕ್ಕೆ ಬಗ್ ನಂಬರ್ ಜೋಡಿಸುತ್ತಾರೆ. ಬದಿಯಡ್ಕದ ತಂಗಿಯ ಟೀಮ್ ಲೀಡ್ ರೀಟ್ರೈ ಬದಲು ಇದನ್ನು ತಂದರೆ ಒಳ್ಳೆಯದು.

ಟಿಸಿಎಲ್ ಬೇಜಾರಾದರೆ ಎಲ್‌ಎಲ್‌ಡಿಬಿ ಅನ್ನುವ ಇನ್ನೊಂದು ಡಿಬಗರ್ ನೋಡಿ. ಅಲ್ಲಿ ಟೆಸ್ಟ್‌ಗಳು ಹೆಚ್ಚಾಗಿ ಪೈಥಾನ್. ಥ್ರೆಡ್ ಆಬ್ಜೆಕ್ಟ್‌ಗೆ ಸ್ಟೆಪ್‌ಓವರ್ ಅಂತ ಹೇಳಿ, ನಿಂತ ಕಾರಣ ಪ್ಲಾನ್-ಕಂಪ್ಲೀಟ್ (ಕೊಟ್ಟ ಹೆಜ್ಜೆ ಮುಗಿಯಿತು) ಹೌದಾ ಅಂತ ಕೇಳುತ್ತಾರೆ. ಅಕ್ಷರ ಹೋಲಿಸುವ ಗೋಜೇ ಇಲ್ಲ.

ಪ್ರಶ್ನೆ (ಮಂಜೇಶ್ವರದಿಂದ)

ಓ2 (ಕೋಡ್ ವೇಗ ಮಾಡುವ ಆಪ್ಟಿಮೈಸೇಷನ್ ಆಯ್ಕೆ) ಹಾಕಿ ಕಂಪೈಲ್ ಮಾಡಿದ ಪ್ರೋಗ್ರಾಂನಲ್ಲಿ ನೆಕ್ಸ್ಟ್ ಮೇಲೆ ಕೆಳಗೆ ಕುಣಿಯುತ್ತದೆ. ಅದಕ್ಕೂ ಟೆಸ್ಟ್ ಬರೆಯುವುದು ಹೇಗೆ?

ಉತ್ತರ

ಡಿಬಗರ್ ಸಾಲು ಗುರುತಿಸುವುದು ಕಂಪೈಲರ್ ಬರೆದಿಟ್ಟ ಡ್ವಾರ್ಫ್ ಲೈನ್ ಟೇಬಲ್, ಅಂದರೆ ಯಾವ ಇನ್‌ಸ್ಟ್ರಕ್ಷನ್ ಯಾವ ಸಾಲಿನದ್ದು ಅನ್ನುವ ಪಟ್ಟಿ ನೋಡಿ. ಓ2 ಹಾಕಿದಾಗ ಕಂಪೈಲರ್ ಇನ್‌ಸ್ಟ್ರಕ್ಷನ್‌ಗಳನ್ನು ಅತ್ತಿತ್ತ ಸರಿಸುತ್ತದೆ, ಟೇಬಲ್ ಅದನ್ನೇ ಹೇಳುತ್ತದೆ. ಅಲ್ಲಿ ಸಾಲುಗಳ ಕ್ರಮ ಹಿಡಿದು ಟೆಸ್ಟ್ ಬರೆದರೆ ಟೆಸ್ಟ್ ಆಗುವುದು ಕಂಪೈಲರ್. ಮೂಲ ಟೆಸ್ಟ್‌ಗಳನ್ನು ಆಪ್ಟಿಮೈಸೇಷನ್ ಇಲ್ಲದೆ ಓಡಿಸಿ. ಕುಣಿತದ ಕೇಸ್ ಬೇಕೇ ಬೇಕು ಅಂದರೆ ಲೈನ್ ಟೇಬಲನ್ನು ಕೈಯಲ್ಲೇ ಬರೆದ ಅಸೆಂಬ್ಲಿ ಪ್ರೋಗ್ರಾಂ ಇಟ್ಟುಕೊಳ್ಳಿ. ಜಿಡಿಬಿಯವರಿಗೆ ಇದಕ್ಕೆಂದೇ ಡ್ವಾರ್ಫ್ ಅಸೆಂಬ್ಲರ್ ಅಂತ ಒಂದು ಟಿಸಿಎಲ್ ಸಾಧನ ಇದೆ. ಕೆಲಸ ಜಾಸ್ತಿ, ಆದರೆ ಕಂಪೈಲರ್ ಎಷ್ಟು ಬದಲಾದರೂ ಆ ಟೇಬಲ್ ಅಲುಗುವುದಿಲ್ಲ.

ಮರುಪ್ರಶ್ನೆ (ಬದಿಯಡ್ಕದಿಂದ)

ಕೊನೆಯದು ಅಣ್ಣಾ. ಟೆಸ್ಟ್‌ಗಳೇ ಸರಿ ಇವೆ ಅಂತ ಗೊತ್ತಾಗುವುದು ಹೇಗೆ? ಎಲ್ಲ ಹಸಿರು ಕಂಡರೂ ಧೈರ್ಯ ಬರುವುದಿಲ್ಲ.

ಉತ್ತರ

ಪ್ಲಗಿನ್ನನ್ನು ಬೇಕೆಂದೇ ಕೆಡಿಸಿ ನೋಡಿ. ನೆಕ್ಸ್ಟ್ ಬಟನ್ ಒತ್ತಿದಾಗ ಒಳಗಿಂದ ಸ್ಟೆಪ್ ಕಳಿಸಿ. ಎಷ್ಟು ಟೆಸ್ಟ್ ಕೆಂಪಾಗುತ್ತವೆ ನೋಡಿ. ಒಂದೂ ಆಗದಿದ್ದರೆ ನಿಮ್ಮ ಪ್ರೋಗ್ರಾಂನಲ್ಲಿ ನೆಕ್ಸ್ಟ್ ಕೊಡುವ ಸಾಲಿನಲ್ಲಿ ನಿಮ್ಮದೇ ಫಂಕ್ಷನ್‌ನ ಕರೆ ಇಲ್ಲದಿರಬಹುದು. ಅಂಥ ಸಾಲಿನಲ್ಲಿ ಎರಡೂ ಕಮಾಂಡ್ ಒಂದೇ ಕಡೆ ನಿಲ್ಲುತ್ತವೆ. ಆಮೇಲೆ ಫಿನಿಶ್ ಬದಲು ಕಂಟಿನ್ಯೂ ಕಳಿಸಿ ನೋಡಿ. ಇದು ಅರ್ಧ ದಿನದ ಕೆಲಸ, ಮಳೆಗೆ ಕರೆಂಟ್ ಹೋಗದಿದ್ದರೆ.